ಬೆಟ್ಟದ ಗಾಲ್ಫ್ ಕೋರ್ಸ್ ಆಡುವುದು ಹೇಗೆ? ಬೆಂಗಳೂರಿನ ಆಟಗಾರರಿಗೆ ಒಂದೊಂದೇ ಹೋಲ್‌ನ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಗಾಲ್ಫ್ ಕಲಿತವರು ಮೊದಲ ಸಲ ಬೆಟ್ಟದ ಕೋರ್ಸ್‌ಗೆ ಹೋದಾಗ ಹೆಚ್ಚಿನವರಿಗೆ ಆಗುವುದು ಒಂದೇ. ಹೊಡೆತ ಚೆನ್ನಾಗಿ ಬಂದಿರುತ್ತದೆ. ಚೆಂಡು ಫೇರ್‌ವೇ (ಗಿಡ್ಡ ಹುಲ್ಲಿನ ಆಟದ ಹಾದಿ) ನಡುವೆ ಬಿದ್ದದ್ದನ್ನು ಕಣ್ಣಾರೆ ನೋಡಿರುತ್ತೀರಿ. ಹತ್ತಿರ ಹೋದರೆ ಅಲ್ಲಿ ಚೆಂಡಿಲ್ಲ. ಉರುಳುತ್ತಾ ಹೋಗಿ ಮೂವತ್ತು ಯಾರ್ಡ್ ಕೆಳಗೆ ಯಾವುದೋ ಪೊದೆಯ ಬುಡದಲ್ಲಿ ಕೂತಿರುತ್ತದೆ.

ನೀಲಗಿರಿಯಲ್ಲಿ ನನ್ನ ಮೊದಲ ಸುತ್ತು ಹೀಗೇ ಹಾಳಾಯಿತು. ಅವತ್ತು ನನ್ನ ಬ್ಯಾಗ್ ಹೊತ್ತಿದ್ದವರು ಅರವತ್ತು ದಾಟಿದ ಕ್ಯಾಡಿ. ಮನೆಮಾತು ಬಡಗ. ಬಡಗ ಕನ್ನಡಕ್ಕೆ ತುಂಬಾ ಹತ್ತಿರದ ಭಾಷೆ, ಹಾಗಾಗಿ ನಮ್ಮ ಮಾತುಕತೆಗೆ ಅಡ್ಡಿಯಾಗಲಿಲ್ಲ. ನಾಲ್ಕು ಹೋಲ್ ಸುಮ್ಮನಿದ್ದರು. ಐದನೆಯದಕ್ಕೆ ಹೇಳಿದರು: "ಸಾರ್, ನೀವು ಚೆಂಡು ಬೀಳೋ ಜಾಗ ನೋಡ್ತಿದ್ದೀರಿ. ನಿಲ್ಲೋ ಜಾಗ ನೋಡಿ."

ಆಮೇಲೆ ನಾನು ಬೆಟ್ಟದಲ್ಲಿ ಕಲಿತದ್ದೆಲ್ಲ ಈ ಮಾತಿನಿಂದಲೇ ಹುಟ್ಟಿದ್ದು. ಯಾವುದೋ ಒಂದು ಕೋರ್ಸ್‌ನ ಹೋಲ್‌ಗಳನ್ನು ವಿವರಿಸಿದರೆ ಅಲ್ಲಿಗೆ ಹೋಗದವರಿಗೆ ಉಪಯೋಗವಾಗುವುದಿಲ್ಲ. ಅದಕ್ಕೆ ಘಟ್ಟದ ಕೋರ್ಸ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂಬತ್ತು ಬಗೆಯ ಹೋಲ್‌ಗಳನ್ನು ಒಂದು ಸುತ್ತಿನ ಹಾಗೆ ಜೋಡಿಸಿ ಹೇಳುತ್ತೇನೆ. ಎಲ್ಲವನ್ನೂ ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಡಗೈಯವರು ಎಡ ಬಲ ತಿರುಗಿಸಿ ಓದಿಕೊಳ್ಳಿ.

ಎಲ್ಲಿಗೆ, ಯಾವಾಗ

ಗಾಲ್ಫ್ ನಮ್ಮ ಊರಿಗೆ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಿಂದ ಇದೆ. ಆದರೆ ನಗರದೊಳಗಿನ ಕೋರ್ಸ್‌ಗಳಲ್ಲಿ ಏರಿಳಿತ ಕಡಿಮೆ. ಬೆಟ್ಟದ ರುಚಿ ನೋಡಲು ಹತ್ತಿರದ ಜಾಗ ನಂದಿ ಬೆಟ್ಟದ ಬುಡದಲ್ಲಿರುವ ಪ್ರೆಸ್ಟೀಜ್ ಗಾಲ್ಫ್‌ಶೈರ್. ಪಿ.ಬಿ. ಡೈ ವಿನ್ಯಾಸ ಮಾಡಿದ 18 ಹೋಲ್‌ನ ಕೋರ್ಸ್ ಅದು. ಅಲ್ಲಿ ನೀವು ಬೆಟ್ಟ ಹತ್ತುವುದಿಲ್ಲ, ನಿಜ. ಆದರೂ ಹಿಂದೆ ಬೆಟ್ಟ ನಿಂತಿದ್ದರೆ ಮುಂದಿನ ನೆಲದ ಓರೆಯನ್ನು ಕಣ್ಣು ಹೇಗೆ ತಪ್ಪಾಗಿ ಅಳೆಯುತ್ತದೆ ಎಂದು ತಿಳಿಯಲು ಒಳ್ಳೆಯ ಜಾಗ.

ನಿಜವಾದ ಬೆಟ್ಟದ ಆಟ ಬೇಕೆಂದರೆ ಊಟಿ, ಕೂನೂರು ಹತ್ತಿರದ ವೆಲ್ಲಿಂಗ್ಟನ್, ಕೊಡೈಕೆನಾಲ್ ಅಥವಾ ನಮ್ಮ ಕೊಡಗು. ಊಟಿಯ ಕೋರ್ಸ್ ವೆನ್‌ಲಾಕ್ ಡೌನ್ಸ್ ಎಂಬ ಹುಲ್ಲುಗಾವಲಿನ ಗುಡ್ಡಗಳ ಮೇಲಿದೆ. ಕೊಡೈಕೆನಾಲ್ ಗಾಲ್ಫ್ ಕ್ಲಬ್ ಶುರುವಾದದ್ದು 1895ರಲ್ಲಿ. ಕೊಡಗಿನಲ್ಲಿ ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದಲ್ಲೂ ಮಡಿಕೇರಿಯಲ್ಲೂ ಆಡಬಹುದು. ಸದಸ್ಯರಲ್ಲದವರಿಗೆ ಯಾವ ದಿನ, ಎಷ್ಟು ಹೊತ್ತಿಗೆ ಅವಕಾಶ ಎಂದು ಮೊದಲೇ ಫೋನ್ ಮಾಡಿ ಕೇಳಿ. ಕಾಲರ್ ಇರುವ ಟೀ ಶರ್ಟ್ ಹಾಕಿಕೊಂಡೇ ಹೋಗಿ.

ಕೊಡಗಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟಕ್ಕಾಗಿ ಹೋಗಬೇಡಿ. ಮಳೆ ಬಿಡುವುದಿಲ್ಲ, ಜೊತೆಗೆ ಜಿಗಣೆ. ನೀಲಗಿರಿಯಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಮಳೆಯೂ ಇರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆಕಾಶ ತಿಳಿಯಾಗಿರುವ ದಿನ ಜಾಸ್ತಿ. ಆ ಚಳಿಯಲ್ಲಿ ಊಟಿಯ ಹುಲ್ಲಿನ ಮೇಲೆ ಹಿಮ ಕೂರುವುದುಂಟು. ಹಿಮ ಕರಗುವ ತನಕ ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಮೇಲೆ ಕಾಲಿಡಬಾರದು. ಹೆಪ್ಪುಗಟ್ಟಿದ ಎಸಳು ಕಾಲಿನ ಕೆಳಗೆ ಮುರಿದು, ಹೆಜ್ಜೆ ಬಿದ್ದಲ್ಲೆಲ್ಲ ಹುಲ್ಲು ಸಾಯುತ್ತದೆ. ಏಪ್ರಿಲ್, ಮೇನಲ್ಲಿ ಹೋದರೆ ಮಧ್ಯಾಹ್ನಕ್ಕೆ ಮುಂಚೆ ಆಟ ಮುಗಿಸಿ. ಗುಡುಗು ಬರುವ ಹೊತ್ತು ಅದು.

ದಾರಿಯ ಬಗ್ಗೆ ಎರಡು ಮಾತು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ನೀಲಗಿರಿಗೂ ಕೊಡೈಕೆನಾಲ್‌ಗೂ ಹೊರಗಿನ ಗಾಡಿಗಳಿಗೆ 2024ರಿಂದ ಇ-ಪಾಸ್ ಬಂದಿದೆ, ಹೊರಡುವ ಮುಂಚೆ ನೋಡಿಕೊಳ್ಳಿ. ನೀರಿಗೆ ಸ್ಟೀಲ್ ಬಾಟಲಿ ಇರಲಿ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ ನೀಲಗಿರಿಯಲ್ಲಿ ಜಾಗವಿಲ್ಲ.

ಬೆಂಗಳೂರಿನಲ್ಲೇ ಮಾಡಬೇಕಾದ ತಯಾರಿ

ಮೂರು ವಾರ ಸಾಕು. ಮೊದಲು ಕಾಲು. 18 ಹೋಲ್ ನಡೆದರೆ ಸಾಮಾನ್ಯವಾಗಿ ಏಳೆಂಟು ಕಿಲೋಮೀಟರ್ ಆಗುತ್ತದೆ. ಅದನ್ನು ಏರಿನಲ್ಲಿ ನಡೆಯುವುದು ಬೇರೆಯೇ ಕೆಲಸ. ಲಾಲ್‌ಬಾಗ್ ಹತ್ತಿರದವರು ಬೆಳಿಗ್ಗೆ ಅಲ್ಲಿನ ಬಂಡೆ ಹತ್ತಿಳಿಯಿರಿ. ಅಪಾರ್ಟ್‌ಮೆಂಟ್‌ನವರು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯಿರಿ. ಏರಿ ಬಂದ ತಕ್ಷಣ ಏದುಸಿರಿನಲ್ಲಿ ಪಟ್ (ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) ಮಾಡಿದರೆ ಕೈ ನಿಲ್ಲುವುದಿಲ್ಲ. ಅದಕ್ಕೇ ಈ ಕಸರತ್ತು.

ಆಮೇಲೆ ಇಳಿಜಾರಿನಲ್ಲಿ ನಿಲ್ಲುವ ಅಭ್ಯಾಸ. ಡ್ರೈವಿಂಗ್ ರೇಂಜ್‌ನ ಮ್ಯಾಟ್ ಸಮತಟ್ಟು, ಅದರಿಂದ ಈ ಪಾಠ ಸಿಗುವುದಿಲ್ಲ. ನಾನು ಹೀಗೆ ಮಾಡುತ್ತೇನೆ. ಗಟ್ಟಿಯಾದ, ನಾಲ್ಕು ಇಂಚು ದಪ್ಪದ ಮರದ ಹಲಗೆ ಇಟ್ಟು ಅದರ ಮೇಲೆ ಎಡಗಾಲು. ಹೀಗೆ ಇಪ್ಪತ್ತು ಚೆಂಡು. ಆಮೇಲೆ ಬಲಗಾಲು, ಇನ್ನೂ ಇಪ್ಪತ್ತು. ಪೂರ್ತಿ ಬೀಸುವುದು ಬೇಡ, ಅರ್ಧ ಸ್ವಿಂಗ್ ಸಾಕು. ಚೆಂಡು ಎಲ್ಲಿ ಹೋಯಿತು ಎಂದು ನೋಡಬೇಡಿ. ಹೊಡೆದ ಮೇಲೆ ಮೂರು ಎಣಿಸುವ ತನಕ ಬೀಳದೆ ನಿಂತಿದ್ದೀರಾ ನೋಡಿ. ನಿಂತಿದ್ದರೆ ಅಷ್ಟೇ ಬೇಕಾದದ್ದು.

ಬ್ಯಾಗ್‌ನಲ್ಲಿ ನಿಯಮದ ಪ್ರಕಾರ 14 ಕ್ಲಬ್ ಇಡಬಹುದು. ಉದ್ದ ಐರನ್ (ಲೋಹದ ತೆಳು ತಲೆಯ ಕ್ಲಬ್) ಇದ್ದರೆ ತೆಗೆದು ಒಂದು ಹೈಬ್ರಿಡ್ (ಹೊಡೆಯಲು ಸುಲಭವಾದ ಬೆರಕೆ ಕ್ಲಬ್) ಹಾಕಿ. ಮಳೆ ಜಾಕೆಟ್, ಎರಡು ಟವೆಲ್, ಸ್ಪೈಕ್ ಸವೆಯದ ಶೂ ಬೇಕೇ ಬೇಕು. ಬಿಳಿ ಚೆಂಡಿನ ಜೊತೆ ಹಳದಿ ಅಥವಾ ಕಿತ್ತಳೆ ಬಣ್ಣದ ನಾಲ್ಕು ಚೆಂಡು ಇಟ್ಟುಕೊಳ್ಳಿ. ಮಂಜು ಇಳಿದಾಗ ಅವು ಕೈ ಹಿಡಿಯುತ್ತವೆ.

ದೂರದ ಲೆಕ್ಕ ಬದಲಾಗುತ್ತದೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಊಟಿ ಸುಮಾರು 2,240 ಮೀಟರ್. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಚೆಂಡಿಗೆ ಅಡ್ಡಿ ಕಡಿಮೆಯಾಗುತ್ತದೆ, ದೂರ ಜಾಸ್ತಿ ಸಿಗುತ್ತದೆ. ಆಟಗಾರರು ಬಳಸುವ ಅಂದಾಜು ಹೀಗಿದೆ: ಪ್ರತಿ ಸಾವಿರ ಅಡಿಗೆ ಶೇಕಡಾ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಬೆಂಗಳೂರಿಗೂ ಊಟಿಗೂ ನಡುವೆ 4,300 ಅಡಿ ವ್ಯತ್ಯಾಸ. ಅಂದರೆ ಸುಮಾರು ಶೇಕಡಾ 5. ಇಲ್ಲಿ 150 ಯಾರ್ಡ್ ಹೋಗುವ ನಿಮ್ಮ ಐರನ್ ಅಲ್ಲಿ 157ರ ಹತ್ತಿರ ಹೋಗಬೇಕು.

ಆದರೆ ಬೆಳಿಗ್ಗೆ ಚಳಿ ಇರುತ್ತದೆ, ಅಲ್ವಾ? ತಣ್ಣನೆ ಗಾಳಿ ದಟ್ಟ. ಚೆಂಡೂ ತಣ್ಣಗಾಗಿ ಮೊದಲಿನಂತೆ ಚಿಮ್ಮುವುದಿಲ್ಲ. ಮೈಯೂ ಬಿಗಿದಿರುತ್ತದೆ. ಹಾಗಾಗಿ ಮೊದಲ ಮೂರು ನಾಲ್ಕು ಹೋಲ್‌ನಲ್ಲಿ ಬೆಂಗಳೂರಿನ ದೂರವನ್ನೇ ನಂಬಿ. ಬಿಸಿಲೇರಿ ಸ್ವೆಟರ್ ಬಿಚ್ಚಿದ ಮೇಲೆ ಅರ್ಧ ಕ್ಲಬ್ (ಒಂದು ಕ್ಲಬ್‌ಗೂ ಮುಂದಿನದಕ್ಕೂ ಇರುವ ದೂರದ ಅರ್ಧ) ಕಡಿಮೆ ಮಾಡಿ. ಮುಂದಿನ ಹೋಲ್‌ಗೆ ಬೇಕಾದ ಚೆಂಡನ್ನು ಜೇಬಿನಲ್ಲಿಟ್ಟು ಬೆಚ್ಚಗೆ ಇಟ್ಟುಕೊಂಡರೆ ಒಳ್ಳೆಯದು.

ಇನ್ನು ಏರಿಳಿತ. ಗುರಿ ನಿಮಗಿಂತ ಮೂರು ಅಡಿ ಮೇಲಿದ್ದರೆ ಒಂದು ಯಾರ್ಡ್ ಸೇರಿಸಿ, ಮೂರು ಅಡಿ ಕೆಳಗಿದ್ದರೆ ಒಂದು ಯಾರ್ಡ್ ಕಳೆಯಿರಿ. ಐರನ್ ಹೊಡೆತ ಇಳಿಯುವುದು ಸುಮಾರು 45 ಡಿಗ್ರಿ ಕೋನದಲ್ಲಿ. ಆ ಕೋನದಲ್ಲಿ ಒಂದು ಯಾರ್ಡ್ ಕೆಳಗಿಳಿಯುವಾಗ ಚೆಂಡು ಒಂದು ಯಾರ್ಡ್ ಮುಂದಕ್ಕೂ ಹೋಗುತ್ತದೆ. ಈ ಲೆಕ್ಕ ಬಂದದ್ದು ಅಲ್ಲಿಂದ. ವೆಡ್ಜ್ (ಹತ್ತಿರದ, ಎತ್ತರದ ಹೊಡೆತದ ಕ್ಲಬ್) ಇನ್ನೂ ಕಡಿದಾಗಿ ಬೀಳುವುದರಿಂದ ವ್ಯತ್ಯಾಸ ಸ್ವಲ್ಪ ಕಡಿಮೆ. ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಚಪ್ಪಟೆಯಾಗಿ ಹೋಗುವುದರಿಂದ ಜಾಸ್ತಿ. ಏರಿಳಿತ ಲೆಕ್ಕ ಹಾಕುವ ಲೇಸರ್ ಯಂತ್ರ ಇದ್ದರೆ ಗೆಳೆಯರ ಜೊತೆಗಿನ ಆಟದಲ್ಲಿ ಬಳಸಿ ಕಲಿಯಿರಿ. ಪಂದ್ಯದಲ್ಲಿ ಮಾತ್ರ ಆ ಭಾಗವನ್ನು ಆಫ್ ಮಾಡಬೇಕು. ದೂರ ಅಳೆಯಬಹುದು, ಏರಿಳಿತ ಅಳೆಯುವಂತಿಲ್ಲ.

ಒಂದನೇ ಹೋಲ್: ಎತ್ತರದ ಟೀ, ಕೆಳಗೆ ಫೇರ್‌ವೇ

ಕ್ಲಬ್‌ಹೌಸ್ ಗುಡ್ಡದ ತುದಿಯಲ್ಲಿದ್ದರೆ ಮೊದಲ ಟೀ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ) ಹೀಗೇ ಇರುತ್ತದೆ. ಕೆಳಗೆ ಹಸಿರು, ಅದರಾಚೆ ಬೆಟ್ಟದ ಸಾಲು. ನೋಟ ಎಷ್ಟು ಚೆನ್ನಾಗಿರುತ್ತದೆ ಎಂದರೆ ಡ್ರೈವರ್ ತೆಗೆದು ಜೋರಾಗಿ ಬೀಸಬೇಕು ಅನ್ನಿಸುತ್ತದೆ. ಬೇಡ. ಚೆಂಡು ಗಾಳಿಯಲ್ಲಿ ಜಾಸ್ತಿ ಹೊತ್ತು ಇರುವಾಗ ಹೊಡೆತದ ಸಣ್ಣ ಓರೆಯೂ ದೊಡ್ಡದಾಗುತ್ತದೆ. ಮೇಲಾಗಿ ಘಟ್ಟದ ತಿರುವುಗಳಲ್ಲಿ ಕೂತು ಬಂದ ಮೈ ಇನ್ನೂ ಸಡಿಲವಾಗಿರುವುದಿಲ್ಲ.

ಹೈಬ್ರಿಡ್ ಅಥವಾ 5 ವುಡ್ ತೆಗೆದುಕೊಳ್ಳಿ. ಇಳಿಕೆಯೇ ನಿಮಗೆ ದೂರ ಕೊಡುತ್ತದೆ. ನೋಟ ನೋಡಬೇಕೆಂದರೆ ಐದು ನಿಮಿಷ ಮುಂಚೆ ಬಂದು ಮನಸಾರೆ ನೋಡಿ, ಫೋಟೊ ತೆಗೆಯಿರಿ. ಟೀ ಇಟ್ಟ ಮೇಲೆ ಕಣ್ಣು ಹತ್ತಿರದ ಗುರಿಯ ಮೇಲಿರಲಿ, ಚೆಂಡಿನ ಮುಂದೆ ಒಂದಡಿಯಲ್ಲಿರುವ ಯಾವುದಾದರೂ ಎಲೆಯೋ ಕಡ್ಡಿಯೋ ಸಾಕು. ದೂರದ ಬೆಟ್ಟವನ್ನು ಗುರಿ ಮಾಡಿಕೊಂಡರೆ ಭುಜ ತನಗೆ ಗೊತ್ತಿಲ್ಲದೆ ಮೇಲೇಳುತ್ತದೆ.

ಎರಡನೇ ಹೋಲ್: ಏರಿನ ಪಾರ್ 4

ಪಾರ್ 4 ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಇಳಿದದ್ದನ್ನು ಈಗ ಹತ್ತಬೇಕು. ಕಾರ್ಡ್‌ನಲ್ಲಿ 340 ಯಾರ್ಡ್ ಎಂದಿದ್ದರೂ ಆಡುವಾಗ 370 ಅನ್ನಿಸುತ್ತದೆ. ಎರಡನೇ ಹೊಡೆತಕ್ಕೆ ಒಂದು ಕ್ಲಬ್ ಜಾಸ್ತಿ, ಅಂದರೆ ಇನ್ನೂ ದೂರ ಹೋಗುವುದನ್ನು ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಎರಡು ಎನ್ನುತ್ತೇನೆ. ಒಂದು ಗ್ರೀನ್‌ನ ಎತ್ತರಕ್ಕೆ, ಇನ್ನೊಂದು ನೀವು ನಿಂತ ನೆಲಕ್ಕೆ. ಏರಿನಲ್ಲಿ ನಿಂತು ಹೊಡೆದಾಗ ಕ್ಲಬ್‌ನ ಮುಖ ಮೇಲೆ ನೋಡುತ್ತದೆ, ನಿಮ್ಮ 7 ಐರನ್ 8ರ ಹಾಗೆ ಕೆಲಸ ಮಾಡುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ. ಎತ್ತರದ ಗ್ರೀನ್‌ಗೆ ಚೆಂಡು ಪೂರ್ತಿ ಇಳಿಯುವ ಮುಂಚೆಯೇ ತಲುಪುತ್ತದೆ, ಚಪ್ಪಟೆಯಾಗಿ ಬೀಳುತ್ತದೆ. ಹಾಗಾಗಿ ಬಿದ್ದ ಮೇಲೆ ಓಡುತ್ತದೆ. ಬಾವುಟ ಹಿಂದಿದ್ದರೂ ಗ್ರೀನ್‌ನ ಮುಂಭಾಗಕ್ಕೆ ಬೀಳಿಸಿ.

ಮೂರನೇ ಹೋಲ್: ಕಣಿವೆ ದಾಟುವ ಪಾರ್ 3

ನನ್ನ ಮೊದಲ ಸುತ್ತಿನಲ್ಲಿ ಇಂಥ ಹೋಲ್‌ನಲ್ಲಿ ಮೂರು ಚೆಂಡು ಕಳೆದುಕೊಂಡೆ. ಮೂರೂ ಒಂದೇ ಕಾರಣಕ್ಕೆ. ಟೀ ಹತ್ತಿರ ಎಲೆ ಅಲುಗುತ್ತಿರಲಿಲ್ಲ, ಗಾಳಿಯೇ ಇಲ್ಲ ಅಂದುಕೊಂಡೆ. ಕಣಿವೆಯ ನಡುವೆ ಎದುರುಗಾಳಿ ಇತ್ತು.

ಬೆಟ್ಟದ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಬೆಳಗಿನ ಜಾವ ಕಣಿವೆಯ ಕಡೆಗೆ ಬೀಸುವ ತಂಗಾಳಿ ಅದೇ. ಬಿಸಿಲು ಬಿದ್ದು ಇಳಿಜಾರು ಕಾದ ಮೇಲೆ ಗಾಳಿ ಹಗುರವಾಗಿ ಮೇಲೇಳುತ್ತದೆ, ಕಣಿವೆಯಿಂದ ಗುಡ್ಡದ ಕಡೆಗೆ ಬೀಸುತ್ತದೆ. ಒಂದೇ ಹೋಲ್ ಬೆಳಿಗ್ಗೆ 7ಕ್ಕೆ ಒಂದು ಥರ, 11ಕ್ಕೆ ಇನ್ನೊಂದು ಥರ ಆಗುವುದು ಹೀಗೆ.

ಆದ್ದರಿಂದ ಹುಲ್ಲು ತೂರಿ ನೋಡಿ ಸುಮ್ಮನಾಗಬೇಡಿ. ಅದು ನೀವು ನಿಂತ ಜಾಗದ ಗಾಳಿಯನ್ನು ಮಾತ್ರ ಹೇಳುತ್ತದೆ. ಗ್ರೀನ್ ಹಿಂದಿನ ಮರದ ತುದಿ ನೋಡಿ. ಬಾವುಟ ನೋಡಿ. ಕಣಿವೆಯಲ್ಲಿ ಮಂಜಿನ ತುಣುಕು ತೇಲುತ್ತಿದ್ದರೆ ಅದು ಯಾವ ಕಡೆಗೆ ಹೋಗುತ್ತಿದೆ ನೋಡಿ. ಅದಕ್ಕಿಂತ ನಿಖರವಾದ ಸೂಚನೆ ಸಿಗುವುದಿಲ್ಲ.

ಕ್ಲಬ್ ಆರಿಸುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಹೊಡೆತ ಸ್ವಲ್ಪ ಕೆಟ್ಟರೂ ಇದು ಕಣಿವೆ ದಾಟುತ್ತದಾ? ದಾಟುವುದಿಲ್ಲ ಎಂದರೆ ಇನ್ನೂ ದೂರ ಹೋಗುವ ಕ್ಲಬ್. ಗ್ರೀನ್ ದಾಟಿ ಹಿಂದೆ ಹೋದರೆ ಅಲ್ಲಿ ಸಾಮಾನ್ಯವಾಗಿ ಗುಡ್ಡದ ಗೋಡೆ ಇರುತ್ತದೆ, ಚೆಂಡು ತಿರುಗಿ ಕೆಳಗೆ ಬರುತ್ತದೆ. ಗ್ರೀನ್‌ಗಿಂತ ಮುಂಚೆ ಬಿದ್ದರೆ ಪಾತಾಳ.

ಕಣಿವೆಗೆ ಕೆಂಪು ಗೂಟ ಹಾಕಿದ್ದರೆ ಒಂದು ಪೆನಾಲ್ಟಿ ಹೊಡೆತ ತೆಗೆದುಕೊಂಡು, ಚೆಂಡು ಗಡಿ ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ ಡ್ರಾಪ್ ಮಾಡಬಹುದು. ಡ್ರಾಪ್ ಮೊಣಕಾಲಿನ ಎತ್ತರದಿಂದ. 2019ರಿಂದ ನಿಯಮ ಹಾಗಿದೆ. ಇಳಿಜಾರಿನಲ್ಲಿ ಡ್ರಾಪ್ ಮಾಡಿದ ಚೆಂಡು ಉರುಳಿ ಆ ಜಾಗದಿಂದ ಹೊರಗೆ ಹೋದರೆ ಮತ್ತೊಮ್ಮೆ ಡ್ರಾಪ್ ಮಾಡಿ. ಎರಡನೇ ಸಲವೂ ಹೋದರೆ, ಆ ಎರಡನೇ ಸಲ ಅದು ಮೊದಲು ನೆಲ ಮುಟ್ಟಿದ ಜಾಗದಲ್ಲಿ ಕೈಯಿಂದ ಇಡಿ. ಬೆಟ್ಟದಲ್ಲಿ ಇದು ದಿನಾ ಬೇಕಾಗುವ ನಿಯಮ. ಬಾಯಿಪಾಠ ಮಾಡಿಕೊಳ್ಳಿ.

ನಾಲ್ಕನೇ ಹೋಲ್: ಗುಡ್ಡದ ಪಕ್ಕೆಯಲ್ಲಿ ಹೋಗುವ ಫೇರ್‌ವೇ

ಬೆಟ್ಟದ ಗಾಲ್ಫ್‌ನ ಜೀವ ಇಲ್ಲಿದೆ. ಎಡಗಡೆ ಗುಡ್ಡ, ಬಲಗಡೆ ಇಳಿಜಾರು, ನಡುವೆ ಓರೆಯಾದ ಫೇರ್‌ವೇ ಅಂದುಕೊಳ್ಳಿ. ನಡುವಿಗೆ ಹೊಡೆದರೆ ಚೆಂಡು ಬಲಗಡೆ ರಫ್‌ನಲ್ಲಿ (ಅಂಚಿನ ಉದ್ದ ಹುಲ್ಲಿನಲ್ಲಿ) ನಿಲ್ಲುತ್ತದೆ. ಎಡಗಡೆಯ ಮೇಲಿನ ಅಂಚಿಗೆ ಹೊಡೆದರೆ ನಡುವೆ ನಿಲ್ಲುತ್ತದೆ. ಎಷ್ಟು ಮೇಲೆ ಎಂದು ಕ್ಯಾಡಿಯನ್ನು ಕೇಳಿ. ಹತ್ತು ವರ್ಷ ಅದೇ ನೆಲದಲ್ಲಿ ಚೆಂಡು ಉರುಳುವುದನ್ನು ನೋಡಿದವರ ಅಂದಾಜು ಯಾವ ಯಂತ್ರಕ್ಕೂ ಬರುವುದಿಲ್ಲ. "ಅಣ್ಣ, ಎಲ್ಲಿ ಬಿದ್ದರೆ ಎಲ್ಲಿ ನಿಲ್ಲುತ್ತೆ?" ಎಂದು ಕೇಳಿ. ದೂರ ಎಷ್ಟು ಎಂದು ಕೇಳುವುದಕ್ಕಿಂತ ಇದು ಒಳ್ಳೆಯ ಪ್ರಶ್ನೆ.

ಮಳೆಗಾಲ ಮುಗಿದ ಹೊಸತರಲ್ಲಿ ನೆಲ ಮೆತ್ತಗಿರುತ್ತದೆ, ಚೆಂಡು ಕಡಿಮೆ ಉರುಳುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ನೆಲ ಗಟ್ಟಿ, ಇನ್ನೂ ಮೇಲಕ್ಕೆ ಹೊಡೆಯಬೇಕು.

ಈಗ ಎರಡನೇ ಹೊಡೆತ. ಓರೆ ನೆಲದಲ್ಲಿ ನಿಲ್ಲುವುದಕ್ಕೆ ನಾಲ್ಕು ಬಗೆ.

ಚೆಂಡು ಕಾಲಿಗಿಂತ ಮೇಲಿದ್ದರೆ ಅದು ನಿಮಗೆ ಹತ್ತಿರ ಬಂದ ಹಾಗೆ. ಹಿಡಿಕೆಯನ್ನು ಒಂದೆರಡು ಇಂಚು ಕೆಳಗೆ ಹಿಡಿಯಿರಿ, ನೆಟ್ಟಗೆ ನಿಲ್ಲಿ. ಚೆಂಡು ಎಡಕ್ಕೆ ಹೋಗುತ್ತದೆ, ಆದ್ದರಿಂದ ಬಲಕ್ಕೆ ಗುರಿ ಇಡಿ. ವೆಡ್ಜ್‌ನಂಥ ಓರೆ ಮುಖದ ಕ್ಲಬ್‌ನಲ್ಲಿ ಈ ಎಳೆತ ತುಂಬಾ ಜಾಸ್ತಿ, ಹೈಬ್ರಿಡ್‌ನಲ್ಲಿ ಕಡಿಮೆ.

ಚೆಂಡು ಕಾಲಿಗಿಂತ ಕೆಳಗಿದ್ದರೆ, ಇದು ನಾಲ್ಕರಲ್ಲಿ ಅತಿ ಕಷ್ಟದ್ದು. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಸೊಂಟದಿಂದ ಬಾಗಿ. ಹೊಡೆದು ಮುಗಿಯುವ ತನಕ ಆ ಎತ್ತರ ಬಿಟ್ಟೇಳಬೇಡಿ, ಎದ್ದರೆ ಚೆಂಡಿನ ತಲೆಗೆ ಹೊಡೆತ. ಚೆಂಡು ಬಲಕ್ಕೆ ಹೋಗುತ್ತದೆ, ಎಡಕ್ಕೆ ಗುರಿ ಇಡಿ. ಒಂದು ಕ್ಲಬ್ ಜಾಸ್ತಿ ತೆಗೆದುಕೊಂಡು ಮುಕ್ಕಾಲು ಸ್ವಿಂಗ್ ಮಾಡಿ. ಇಲ್ಲಿ ಗ್ರೀನ್ ಆಸೆ ಬಿಟ್ಟರೂ ತಪ್ಪಿಲ್ಲ.

ಏರಿನ ಕಡೆ ಮುಖ ಮಾಡಿದ್ದರೆ ಭುಜವನ್ನು ನೆಲದ ಓರೆಗೆ ಸಮಾನಾಂತರ ಮಾಡಿ, ಭಾರ ಹಿಂಗಾಲಿನ ಮೇಲಿರಲಿ. ಚೆಂಡು ಎತ್ತರ ಹೋಗುತ್ತದೆ, ಸ್ವಲ್ಪ ಎಡಕ್ಕೆ ತಿರುಗುತ್ತದೆ.

ಇಳಿಕೆಯ ಕಡೆಗಾದರೆ ಭುಜ ಮತ್ತೆ ಓರೆಗೆ ಸಮಾನಾಂತರ, ಭಾರ ಮುಂಗಾಲಿನ ಮೇಲೆ, ಚೆಂಡು ಸ್ಟ್ಯಾನ್ಸ್‌ನಲ್ಲಿ (ನಿಂತ ಭಂಗಿಯಲ್ಲಿ) ಸ್ವಲ್ಪ ಹಿಂದಕ್ಕೆ. ಕ್ಲಬ್ ಇಳಿಜಾರನ್ನು ಸವರಿಕೊಂಡು ಕೆಳಗೆ ಹೋಗಬೇಕು. ಹೊಡೆದ ಮೇಲೆ ಒಂದು ಹೆಜ್ಜೆ ಮುಂದೆ ಬಿದ್ದರೂ ಪರವಾಗಿಲ್ಲ. ಚೆಂಡು ತಗ್ಗಾಗಿ ಹೋಗಿ ಜಾಸ್ತಿ ಓಡುತ್ತದೆ. 8 ಐರನ್ ಬದಲು 9 ತೆಗೆದುಕೊಳ್ಳಿ. ಚೆಂಡನ್ನು ಎತ್ತಬೇಕು ಅನ್ನಿಸುತ್ತದೆ, ಎತ್ತಲು ಹೋಗಬೇಡಿ.

ಎರಡು ಓರೆ ಒಟ್ಟಿಗೆ ಬಂದರೆ, ಅಂದರೆ ಇಳಿಕೆಯೂ ಹೌದು, ಚೆಂಡು ಕಾಲಿಗಿಂತ ಕೆಳಗೂ ಹೌದು ಎಂದಾದರೆ, ವೆಡ್ಜ್ ತೆಗೆದು ಹತ್ತಿರದ ಸಮತಟ್ಟು ಜಾಗಕ್ಕೆ ಹೊಡೆಯಿರಿ.

ಹುಲ್ಲಿನ ಬಗ್ಗೆಯೂ ಹೇಳಬೇಕು. ನೀಲಗಿರಿಯ ಗುಡ್ಡಗಳಲ್ಲಿ ಕಿಕುಯು ಹುಲ್ಲು ಜಾಸ್ತಿ. ಆಫ್ರಿಕಾದಿಂದ ಬಂದ ದಪ್ಪ ಬಳ್ಳಿಯ ಹುಲ್ಲು. ಫೇರ್‌ವೇಯಲ್ಲಿ ಚೆಂಡನ್ನು ದಿಂಬಿನ ಮೇಲಿಟ್ಟ ಹಾಗೆ ಎತ್ತಿ ಹಿಡಿಯುತ್ತದೆ, ಅದು ಸಂತೋಷ. ರಫ್‌ನಲ್ಲಿ ಕ್ಲಬ್‌ನ ಕತ್ತು ಹಿಡಿದು ತಿರುಗಿಸಿಬಿಡುತ್ತದೆ. ಹಿಡಿತ ಬಿಗಿ ಮಾಡಿ, ಮೇಲಿನಿಂದ ಕಡಿದಾಗಿ ಹೊಡೆಯಿರಿ. ಗ್ರೀನ್ ಅಂಚಿನಲ್ಲಿ ಚೆಂಡನ್ನು ನೆಲದ ಮೇಲೆ ಓಡಿಸುವ ನಮ್ಮ ಬೆಂಗಳೂರಿನ ಚಿಪ್ ಇಲ್ಲಿ ನಡೆಯುವುದಿಲ್ಲ, ಮೊದಲ ಪುಟಿತದಲ್ಲೇ ನಿಂತುಬಿಡುತ್ತದೆ. ಗಾಳಿಯಲ್ಲಿ ಎತ್ತಿ ಗ್ರೀನ್ ಮೇಲೇ ಇಳಿಸಿ.

ಐದನೇ ಹೋಲ್: ಅಲೆಅಲೆಯಾದ ಪಾರ್ 5

ಮೂರು ಹೊಡೆತದಲ್ಲಿ ಗ್ರೀನ್ ತಲುಪುವ ಹೋಲ್ ಎಂದು ಟೀಯಲ್ಲೇ ಒಪ್ಪಿಕೊಳ್ಳಿ. ಆಮೇಲೆ ಹಿಂದಿನಿಂದ ಲೆಕ್ಕ ಹಾಕಿ. ಗ್ರೀನ್‌ಗೆ ಹೊಡೆಯಲು ಸಮತಟ್ಟಾದ ನೆಲ ಎಲ್ಲಿದೆ? 120 ಯಾರ್ಡ್‌ನಲ್ಲಿ ಇದ್ದರೆ ಎರಡನೇ ಹೊಡೆತ ಅಲ್ಲಿಗೇ ಹೋಗಬೇಕು. 60 ಯಾರ್ಡ್‌ನ ಇಳಿಜಾರಿಗಿಂತ 120ರ ಸಮತಟ್ಟು ಮೇಲು. ಇನ್ನಷ್ಟು ಹತ್ತಿರ ಹೋಗಬಹುದಲ್ಲ ಎಂಬ ಆಸೆ ಬರುತ್ತದೆ. ನನಗೆ ಈಗಲೂ ಬರುತ್ತದೆ, ಆಗ ಆ ಹಿರಿಯರ ಮಾತು ನೆನಪಿಸಿಕೊಳ್ಳುತ್ತೇನೆ.

ಆರನೇ ಹೋಲ್: ಗಿಡ್ಡ ಪಾರ್ 4

ಜಾಗ ಕಡಿಮೆ ಇರುವ ಬೆಟ್ಟದಲ್ಲಿ 270, 280 ಯಾರ್ಡ್‌ನ ಪಾರ್ 4 ಸಾಮಾನ್ಯ. ತೆಳು ಗಾಳಿ, ಇಳಿಕೆ, ಎಲ್ಲ ಸೇರಿ ಡ್ರೈವರ್‌ನಲ್ಲೇ ಗ್ರೀನ್ ಮುಟ್ಟಬಹುದು ಎಂದು ಲೆಕ್ಕ ಹೇಳುತ್ತದೆ. ಸುತ್ತ ಏನಿದೆ ನೋಡಿ. ಒಂದು ಪಕ್ಕ ಚಹಾ ತೋಟದ ಬೇಲಿ, ಇನ್ನೊಂದು ಪಕ್ಕ ಜಾರು. ಐರನ್ ಮತ್ತು ವೆಡ್ಜ್ ಸಾಕು.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದರು. ಒಂದೇ ಹೊಡೆತದಿಂದ ಪದಕ ತಪ್ಪಿತು. ದೂರ ಹೊಡೆಯುವವರ ಸಾಲಿನಲ್ಲಿ ಅವರು ಇರಲಿಲ್ಲ. ಅವರ ಜೊತೆ ಆಡಿದವರು ಎಷ್ಟೋ ಮುಂದೆ ಹೊಡೆಯುತ್ತಿದ್ದರು. ಅದಿತಿ ಚೆಂಡನ್ನು ಬೇಕಾದ ಕಡೆ ಇಟ್ಟು ಪಟರ್‌ನಿಂದ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಆ ನಾಲ್ಕು ದಿನದ ಆಟವನ್ನು ನಾನು ಬೆಳಗಿನ ಜಾವ ಎದ್ದು ನೋಡಿದ್ದೇನೆ. ಗಿಡ್ಡ ಪಾರ್ 4ರ ಟೀಯಲ್ಲಿ ಕೈ ಡ್ರೈವರ್ ಕಡೆ ಹೋದಾಗೆಲ್ಲ ಅದು ನೆನಪಾಗುತ್ತದೆ.

ಏಳನೇ ಹೋಲ್: ಗ್ರೀನ್ ಕಾಣದ ತಿರುವು

ಮುಂದೆ ಜನ ಇದ್ದಾರಾ ಎಂದು ಖಾತ್ರಿ ಮಾಡಿಕೊಳ್ಳದೆ ಹೊಡೆಯಬೇಡಿ. ಕ್ಯಾಡಿಯನ್ನು ದಿಬ್ಬದ ಮೇಲೆ ಕಳಿಸಿ. ಕೆಲವು ಕಡೆ ಗಂಟೆ ಇರುತ್ತದೆ, ನೀವು ದಾಟಿದ ಮೇಲೆ ಹಿಂದಿನವರಿಗಾಗಿ ಬಾರಿಸಿ. ಚೆಂಡು ಕಳೆದಿರಬಹುದು ಅನ್ನಿಸಿದರೆ ಹೊರಡುವ ಮುಂಚೆಯೇ "ಪ್ರೊವಿಷನಲ್" (ತಾತ್ಕಾಲಿಕ ಚೆಂಡು) ಎಂದು ಹೇಳಿ ಇನ್ನೊಂದು ಹೊಡೆಯಿರಿ. ಹುಡುಕಲು ಸಿಗುವುದು 3 ನಿಮಿಷ. ಮತ್ತೆ ಆ ಏರು ಹತ್ತಿ ವಾಪಸ್ ಬರುವುದು ಯಾರಿಗೂ ಬೇಡ.

ಕೊಡೈಕೆನಾಲ್‌ನಲ್ಲಿ ಇಂಥ ತಿರುವಿನಾಚೆ ಕಾಟಿಗಳು ಮೇಯುತ್ತಿರಬಹುದು. ದೂರ ನಿಲ್ಲಿ. ಕೂಗಬೇಡಿ, ಓಡಿಸಬೇಡಿ, ಫೋಟೊಗೆಂದು ಹತ್ತಿರ ಹೋಗಬೇಡಿ. ಅವು ಹೋದ ಮೇಲೆ ಆಟ. ನಿಂತಿದ್ದ ನಿಮ್ಮ ಚೆಂಡನ್ನು ಕಾಟಿ ಒದ್ದರೆ ಅಥವಾ ಕೋತಿ ಎತ್ತಿಕೊಂಡು ಹೋದರೆ ಪೆನಾಲ್ಟಿ ಇಲ್ಲ. ಅದು ಇದ್ದ ಜಾಗ ಅಂದಾಜು ಮಾಡಿ ಅಲ್ಲೇ ಚೆಂಡು ಇಡಿ. ಆದರೆ ಹಾಗೇ ಆಯಿತು ಎಂದು ಗೊತ್ತಿರಬೇಕು ಅಥವಾ ಬಹುತೇಕ ಖಚಿತವಾಗಿರಬೇಕು. ಸುಮ್ನೆ ಊಹೆ ಸಾಲದು.

ಎಂಟನೇ ಹೋಲ್: ಮಂಜು ಇಳಿದ ಪಾರ್ 3

ಬಾವುಟ ಕಾಣದಿದ್ದರೆ ಗ್ರೀನ್‌ನ ನಡುವಿಗೆ ಎಷ್ಟು ದೂರ ಎಂದು ಕಾರ್ಡ್ ನೋಡಿ ಹೊಡೆಯಿರಿ. ಬಣ್ಣದ ಚೆಂಡು ಹೊರಬರುವ ಹೊತ್ತು ಇದು. ಕ್ಲಬ್‌ನ ಮುಖವನ್ನೂ ಹಿಡಿಕೆಯನ್ನೂ ಒರೆಸಿಕೊಳ್ಳಿ.

ಮಂಜಿಗೆ ಹೆದರಬೇಕಿಲ್ಲ, ಗುಡುಗಿಗೆ ಹೆದರಬೇಕು. ಗುಡುಗಿನ ಸದ್ದು ಕೇಳಿತೆಂದರೆ ಆಟ ನಿಲ್ಲಿಸಿ. ನಿಯಮವೂ ಸಿಡಿಲಿನ ಅಪಾಯ ಕಂಡರೆ ಆಟ ನಿಲ್ಲಿಸಲು ಬಿಡುತ್ತದೆ. ಮರದ ಕೆಳಗೆ ನಿಲ್ಲಬೇಡಿ, ಗುಡ್ಡದ ನೆತ್ತಿಯಲ್ಲಿ ನಿಲ್ಲಬೇಡಿ, ಛತ್ರಿ ಮಡಚಿ ಕ್ಲಬ್ ಕೆಳಗಿಡಿ. ಕಟ್ಟಡದೊಳಗೆ ಅಥವಾ ಕಾರಿನೊಳಗೆ ಹೋಗಿ. ಕ್ಯಾಡಿಯನ್ನೂ ಜೊತೆಗೇ ಕರೆದುಕೊಂಡು ಹೋಗಿ. ಅವರು ಬ್ಯಾಗ್ ಕಾಯುತ್ತಾ ಹೊರಗೆ ಉಳಿಯುವುದು ಸರಿಯಲ್ಲ.

ಒಂಬತ್ತನೇ ಹೋಲ್: ಮೋಸ ಮಾಡುವ ಗ್ರೀನ್

ಕ್ಲಬ್‌ಹೌಸ್ ಮುಂದಿನ ಗ್ರೀನ್. ಕಣ್ಣಿಗೆ ಪಟ್ ಬಲಕ್ಕೆ ತಿರುಗುತ್ತದೆ ಎಂದು ಕಾಣುತ್ತದೆ, ಚೆಂಡು ಎಡಕ್ಕೆ ಹೋಗುತ್ತದೆ. ಸುತ್ತಲಿನ ಇಡೀ ಗುಡ್ಡವೇ ಓರೆಯಾಗಿದ್ದಾಗ ಕಣ್ಣು ಆ ಓರೆಯನ್ನೇ ಸಮತಟ್ಟು ಎಂದು ಒಪ್ಪಿಕೊಂಡುಬಿಡುತ್ತದೆ. ಗ್ರೀನ್ ಗುಡ್ಡಕ್ಕಿಂತ ಕಡಿಮೆ ಓರೆ ಇದ್ದರೆ ಅದು ಎದುರು ಬದಿಗೆ ವಾಲಿದಂತೆ ಕಾಣುತ್ತದೆ.

ಇದಕ್ಕೆ ಪರಿಹಾರ ಗ್ರೀನ್ ಮೇಲಿಲ್ಲ, ಮುಂಚೆಯೇ ಇದೆ. ಐವತ್ತು ಯಾರ್ಡ್ ದೂರದಿಂದ ನಡೆದು ಬರುವಾಗಲೇ ನೋಡಿ. ಅತಿ ಎತ್ತರದ ಗುಡ್ಡ ಯಾವ ಕಡೆ? ಕಣಿವೆ ಯಾವ ಕಡೆ? ಮಳೆ ಬಂದರೆ ಈ ಗ್ರೀನ್‌ನ ನೀರು ಯಾವ ಕಡೆಯಿಂದ ಹೊರಗೆ ಹರಿಯುತ್ತದೆ? ಉತ್ತರ ಸಿಕ್ಕ ಮೇಲೆ ಕಣ್ಣಿಗಿಂತ ಅದನ್ನೇ ನಂಬಿ. ಆಮೇಲೆ ಚೆಂಡಿಗೂ ಹೋಲ್‌ಗೂ ನಡುವೆ, ಪಟ್‌ನ ಗೆರೆಯ ಪಕ್ಕದಲ್ಲಿ, ಎರಡು ಕಾಲು ಅಗಲಿಸಿ ಹೋಲ್ ಕಡೆಗೆ ಮುಖ ಮಾಡಿ ಒಂದು ಕ್ಷಣ ನಿಲ್ಲಿ. ಯಾವ ಪಾದದ ಮೇಲೆ ಭಾರ ಜಾಸ್ತಿ ಬಿತ್ತೋ ಚೆಂಡು ಆ ಕಡೆ ತಿರುಗುತ್ತದೆ. ಕಣ್ಣು ಮೋಸಹೋದಷ್ಟು ಪಾದ ಮೋಸಹೋಗುವುದಿಲ್ಲ.

ಗ್ರೀನ್‌ಗೆ ಹೊಡೆಯುವಾಗಲೇ ಚೆಂಡು ಹೋಲ್‌ನ ಕೆಳಗೆ ನಿಲ್ಲುವಂತೆ ನೋಡಿಕೊಳ್ಳಿ. ಏರಿನ ಪಟ್ ಜೋರಾಗಿ ಹೋಗುತ್ತದೆ, ಕಡಿಮೆ ತಿರುಗುತ್ತದೆ. ಇಳಿಕೆಯ ಪಟ್ ನಿಧಾನ ಶುರುವಾಗಿ ಪೂರ್ತಿ ತಿರುಗುತ್ತದೆ, ನಿಲ್ಲುವುದೂ ಇಲ್ಲ. ಮೇಲೆ ಸಿಕ್ಕಿಬಿದ್ದರೆ ಬಾವುಟದ ಕೋಲು ತೆಗೆಯಬೇಡಿ. 2019ರಿಂದ ಅದಕ್ಕೆ ಪೆನಾಲ್ಟಿ ಇಲ್ಲ, ವೇಗವಾಗಿ ಬಂದ ಚೆಂಡಿಗೆ ತಡೆಯಾಗುತ್ತದೆ. ಎರಡು ಪಟ್‌ನಲ್ಲಿ ಮುಗಿಸಿದರೆ ಸಂತೋಷಪಡಿ.

ಒಂಬತ್ತು ಹೋಲ್‌ನ ಕೋರ್ಸ್ ಆಗಿದ್ದರೆ ಇದನ್ನೇ ಮತ್ತೊಂದು ಸುತ್ತು ಆಡಬಹುದು, ಹಲವು ಕಡೆ ಬೇರೆ ಟೀಯಿಂದ. ನಡುವೆ ಬಿಸಿ ಚಹಾ ಕುಡಿಯುವಾಗ ಕಾರ್ಡ್‌ನ ಹಿಂದೆ ಪ್ರತಿ ಹೋಲ್‌ಗೂ ಎರಡು ಗುರುತು ಬರೆದುಕೊಳ್ಳಿ: ಚೆಂಡು ಎಲ್ಲಿ ಬಿತ್ತು, ಎಲ್ಲಿ ನಿಂತಿತು. ಎರಡನೇ ಸುತ್ತಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇರೆ ಇಲ್ಲ. ನನ್ನ ಹಳೆಯ ಕಾರ್ಡ್‌ಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ, ಮುಂದಿನ ಸಲ ಹೊರಡುವ ಹಿಂದಿನ ರಾತ್ರಿ ತೆಗೆದು ಓದುತ್ತೇನೆ.

ವಾಪಸ್ ಬಂದ ಮೇಲೆ ಶೂ ತೊಳೆದು ನೆರಳಿನಲ್ಲಿ ಒಣಗಿಸಿ, ಐರನ್‌ಗಳ ಗೆರೆಗಳಲ್ಲಿ ಕೂತ ಮಣ್ಣನ್ನು ಹಳೆಯ ಟೂತ್‌ಬ್ರಷ್‌ನಿಂದ ತೆಗೆಯಿರಿ. ಮುಂದಿನ ಭಾನುವಾರ ಇಲ್ಲಿ ಆಡುವಾಗ 157 ಯಾರ್ಡ್ ಅನ್ನು ಮರೆತು 150ಕ್ಕೆ ಬನ್ನಿ.